ಮೀಸೆ ತಿಂದ ಗಿಡ

ಬೆಳಗ್ಗೆ ಕನ್ನಡಿಯ ಮುಂದೆ ನಿಂತಾಗ ನಾನು ಮೊದಲು ಬೋಳಿಸುವುದು ಗಲ್ಲವನ್ನಲ್ಲ, ಮೀಸೆಯನ್ನು. ಅದರಲ್ಲೂ ಎಡಗಡೆಯದನ್ನು. ಅದು ಮುಗಿದ ಮೇಲೆ ರೇಜರು ಕೆಳಗಿಟ್ಟು, ಅರ್ಧ ಮೀಸೆಯ ನನ್ನನ್ನು ನಾನೇ ಒಂದು ಗಳಿಗೆ ನೋಡಿಕೊಂಡು, ಆಮೇಲೆ ಬಲಗಡೆಗೆ ಕೈ ಹಾಕುತ್ತೇನೆ. ಇದು ಸೌಂದರ್ಯಪ್ರಜ್ಞೆಯಲ್ಲ, ಕಾನೂನು. ಎಡಗಡೆಯದು ಸೋತದ್ದು, ಬಲಗಡೆಯದು ಅಡವಿಟ್ಟದ್ದು. ಎರಡಕ್ಕೂ ಲೆಕ್ಕ ಬೇರೆ ಬೇರೆ.

ಕೂಡ್ಲಿಗಿಯ ಕೋರ್ಟಿನಲ್ಲಿ ಮೀಸೆಯಿಲ್ಲದ ಎಳೆಯ ವಕೀಲನಾಗಿರುವುದು ಸುಲಭವೆಂದು ತಿಳಿಯಬೇಡಿ. ಕಕ್ಷಿದಾರ ಮೊದಲು ನನ್ನ ಮೇಲ್ತುಟಿ ನೋಡುತ್ತಾನೆ, ಆಮೇಲೆ "ದೊಡ್ಡ ವಕೀಲರು ಎಲ್ಲಿ ಅದಾರ್ರಿ?" ಎನ್ನುತ್ತಾನೆ. ಮೃದು ಮನಸ್ಸಿನವರು ದನಿ ತಗ್ಗಿಸಿ, "ಮನ್ಯಾಗ ಯಾರರ ತೀರಿಕೊಂಡ್ರೇನ್ರಿ?" ಎಂದು ಕೇಳುತ್ತಾರೆ. ಗಟ್ಟಿ ಮನಸ್ಸಿನವರು, "ನಾಟಕದಾಗ ಹೆಣ್ಣಿನ ಪಾರ್ಟು ಮಾಡ್ತೀರೇನ್ರಿ?" ಎಂದು ಗಟ್ಟಿಯಾಗಿಯೇ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: "ಗಿಡ ತಿಂತು."

ನಗುತ್ತಾರೆ. ಕೋರ್ಟಿನ ಆವರಣದಲ್ಲಿ ನಾನು ಆಡುವ ಮಾತುಗಳಲ್ಲಿ ಜನ ನಗುವುದು ಇದೊಂದಕ್ಕೇ. ಉಳಿದದ್ದನ್ನೆಲ್ಲ ನಂಬುತ್ತಾರೆ.

ನೀವೂ ನಕ್ಕಿರಿ. ನಗಿರಿ, ಅಡ್ಡಿಯಿಲ್ಲ. ಆದರೆ ತೀರ್ಪು ಕೊಡುವ ಮುಂಚೆ ವಾದ ಪೂರ್ತಿ ಕೇಳಬೇಕು.

ನಾನು ಹುಟ್ಟಿದ್ದು ಕೊಟ್ಟೂರಿನಲ್ಲಿ. ಹುಟ್ಟಿನಿಂದಲೇ ವಿರೋಧ ಪಕ್ಷ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ 'ಕೊಟ್ರೇಶ' ಎಂದು ಹೆಸರು ಕರೆದಾಗ ಚೀರಿ ಪ್ರತಿಭಟಿಸಿದೆನಂತೆ. ಓಣಿಯಲ್ಲಿ ಮೂವರು ಕೊಟ್ರೇಶರು ಆಗಲೇ ಇದ್ದುದರಿಂದ ನನ್ನ ಆಕ್ಷೇಪಣೆಯಲ್ಲಿ ಹುರುಳಿತ್ತು ಎಂದು ಇಂದಿಗೂ ನಂಬಿದ್ದೇನೆ. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರು ಭೂಮಿ ತಿರುಗುತ್ತದೆ ಎಂದಾಗ ನಾನು ಎದ್ದು ನಿಂತು, "ತಿರುಗೋದು ನೀವು ನೋಡೀರೇನ್ರಿ ಸರ್?" ಎಂದು ಕೇಳಿದೆ. ಅವರು ಹತ್ತಿರ ಬಂದು ನನ್ನ ಕಿವಿ ಹಿಡಿದು ತಿರುವಿ, "ಇದು ತಿರುಗ್ತತಿ, ಗೊತ್ತಾತಾ? ಅದೂ ಹಿಂಗ ತಿರುಗ್ತತಿ" ಎಂದರು. ಪುರಾವೆ ದುರ್ಬಲವಾಗಿತ್ತು. ಆದರೆ ಕಿವಿ ಅವರ ಕೈಯಲ್ಲಿತ್ತು.

ನಮ್ಮಜ್ಜನಿಗೆ ಒಂದು ಅಭ್ಯಾಸವಿತ್ತು. ಅವರು ಏನಾದರೂ ಹೇಳಿದ ಕೂಡಲೇ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ, ನೆಲಕ್ಕೆ ಮೂರು ಸಲ ಬೆರಳು ಕುಟ್ಟಿ, "ನೋಡ್ರಿ, ಹಲ್ಲಿ ನುಡೀತು. ನಾ ಹೇಳಿದ್ದು ಖರೆ" ಎನ್ನುತ್ತಿದ್ದರು. ಹಲ್ಲಿಯ ಸಾಕ್ಷಿಯಿಂದಲೇ ನಮ್ಮ ಮನೆಯಲ್ಲಿ ಅನೇಕ ವ್ಯಾಜ್ಯಗಳು ಅಜ್ಜನ ಪರ ಇತ್ಯರ್ಥವಾಗಿದ್ದವು. ಒಂದು ಮಧ್ಯಾಹ್ನ ನಾನು ಆ ಹಲ್ಲಿಯ ಕೆಳಗೆ ಕೂತು, "ಎರಡು ಎರಡಲ ಐದು, ಎರಡು ಎರಡಲ ಐದು" ಎಂದು ಹೇಳುತ್ತಲೇ ಹೋದೆ. ಅಜ್ಜ ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದರು. ಕೊನೆಗೊಮ್ಮೆ ಹಲ್ಲಿ ಲೊಚಗುಟ್ಟಿತು. ಅಂದಿನಿಂದ ನಮ್ಮ ಮನೆಯಲ್ಲಿ ಹಲ್ಲಿಯ ಸಾಕ್ಷಿ ನಿಂತುಹೋಯಿತು. ಹಲ್ಲಿ ನಿಲ್ಲಿಸಲಿಲ್ಲ, ಅಜ್ಜ ನಿಲ್ಲಿಸಿದರು.

ಇಂಥವನು ಕಾಲೇಜಿಗೆ ಹೋಗಿ ಚರ್ಚಾಕೂಟ ಸೇರಿದರೆ ಏನಾಗಬಹುದೋ ಅದೇ ಆಯಿತು. ನಮ್ಮ ಕನ್ನಡ ಅಧ್ಯಾಪಕರು ನಮ್ಮನ್ನು ತಾಲೀಮು ಮಾಡಿಸುವ ರೀತಿಯೇ ಬೇರೆ. ವಿಷಯ ಕೊಡುತ್ತಿದ್ದರು, ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಿದ್ದರು. ನಾವು ಮೇಜು ಕುಟ್ಟಿ, ಗಂಟಲು ಕಟ್ಟುವಂತೆ ವಾದಿಸಿ, ಇನ್ನೇನು ಗೆದ್ದೆವು ಎನ್ನುವಾಗ ಅವರು ಫಟ್ಟನೆ ಚಪ್ಪಾಳೆ ತಟ್ಟಿ "ಪಕ್ಷ ಬದಲು!" ಎನ್ನುತ್ತಿದ್ದರು. ಆ ಕ್ಷಣದಿಂದಲೇ, ಆಡುತ್ತಿದ್ದ ವಾಕ್ಯದ ನಡುವಿನಿಂದಲೇ, ನಮ್ಮ ವಾದವನ್ನು ನಾವೇ ಮುರಿಯಬೇಕು. ತಡವರಿಸಿದವರು ಎಲ್ಲರಿಗೂ ಚಹಾ ತರಬೇಕು. ನಾನು ಒಂದು ದಿನವೂ ಚಹಾ ತರಲಿಲ್ಲ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆಯೂ ಗೆದ್ದ ಬಹುಮಾನದ ಕಪ್ಪುಗಳಲ್ಲಿ ಅವ್ವ ಸಾಸಿವೆ, ಜೀರಿಗೆ, ಇಂಗು ತುಂಬಿಟ್ಟಳು. ಗ್ರಾಮಜೀವನದ ಪರ ಗೆದ್ದದ್ದರಲ್ಲಿ ಸಾಸಿವೆ, ನಗರಜೀವನದ ಪರ ಗೆದ್ದದ್ದರಲ್ಲಿ ಜೀರಿಗೆ. ಒಗ್ಗರಣೆಗೆ ಎರಡೂ ಬೇಕು.

ಇಷ್ಟು ಪೀಠಿಕೆ ಯಾಕೆಂದರೆ, ಮುಂದೆ ನಡೆದದ್ದಕ್ಕೆ ಆ ಚಪ್ಪಾಳೆಯೇ ಕಾರಣ.

ಕಾನೂನು ಓದಿ ಬಂದ ವರ್ಷ, ಮಳೆ ಮುಗಿದು ಚಳಿ ಇನ್ನೂ ಪೂರ್ತಿ ಬಾರದ ಕಾರ್ತಿಕದಲ್ಲಿ, ನನಗೆ ಹೆಣ್ಣು ನೋಡಲು ಹೊರಟೆವು. ಅರಸೀಕೆರೆಯಿಂದ ಒಳಗೆ ಹೋಗುವ ಒಂದು ಹಳ್ಳಿ. ರೈಲಿನ ಅರಸೀಕೆರೆಯಲ್ಲ, ನಮ್ಮ ಹರಪನಹಳ್ಳಿ ತಾಲ್ಲೂಕಿನದು. ಅಪ್ಪ ಬರಲಿಲ್ಲ. "ಅವ ಅಲ್ಲಿ ವಾದ ಮಾಡ್ತಾನ, ನಾ ನೋಡಾಕ ಒಲ್ಲೆ" ಎಂದು ಉಳಿದುಬಿಟ್ಟರು. ಹೀಗಾಗಿ ಮುಂದಾಳತ್ವ ಸೋದರಮಾವ ವೀರಪ್ಪನದು. ಪಂಥವೆಂದರೆ ಪ್ರಾಣ ಬಿಡುವ ಮನುಷ್ಯ. ಜೀಪು ಬಾಬುಸಾಬನದು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರು ಗ್ಯಾರೇಜು ಇಟ್ಟವನು, ಯಾವ ಮನೆಯ ಶುಭಕಾರ್ಯಕ್ಕಾದರೂ ತಾನೇ ಡ್ರೈವರ್ ಆಗಿ ಬರುವವನು. ಬರುವುದು ಊಟಕ್ಕಾಗಿ ಎಂದು ಅವನೇ ಹೇಳುತ್ತಿದ್ದ.

ಆ ಮನೆಯ ಯಜಮಾನ ಹಾಲಪ್ಪನವರು, ಶೇಂಗಾ ಹತ್ತಿ ಬೆಳೆಯುವ ಅನುಕೂಲಸ್ಥರು. ಪಡಸಾಲೆಯಲ್ಲಿ ಜಮಖಾನ ಹಾಸಿ ನಮ್ಮನ್ನು ಕೂಡಿಸಿದರು. ಮೂಲೆಯ ಕಂಬಕ್ಕೆ ಒರಗಿ ಅವರ ತಾಯಿ ಕೂತಿದ್ದರು. ಬಾಯಲ್ಲಿ ಒಂದು ಹಲ್ಲಿಲ್ಲ, ಆದರೆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ ಎನ್ನುವುದು ಮಗ ಕುಳಿತ ಭಂಗಿಯಿಂದಲೇ ತಿಳಿಯುತ್ತಿತ್ತು. ತಟ್ಟೆಗಳು ಬಂದವು. ಒಂದರಲ್ಲಿ ಶಿರಾ. ತುಪ್ಪದಲ್ಲಿ ಹೊಳೆಯುವ, ಏಲಕ್ಕಿ ಘಮಘಮಿಸುವ ಶಿರಾ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಹೆಣ್ಣು ನೋಡಲು ಹೋದವರು ಮಾತು ಇತ್ಯರ್ಥವಾಗುವ ತನಕ ಆ ಮನೆಯ ಸಿಹಿ ಮುಟ್ಟುವಂತಿಲ್ಲ. ಮುಟ್ಟಿದರೆ ಒಪ್ಪಿದಂತೆ. ಮನೆಯವರೂ ಅಷ್ಟೇ, ಬಂದವರು ಮುಟ್ಟುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಶಿರಾ ನಮ್ಮ ಮುಂದೆ, ನಾವು ಶಿರಾದ ಮುಂದೆ. ಬಾಬುಸಾಬ್ ತಟ್ಟೆಯನ್ನು ಹಳೆಯ ಗೆಳೆಯನನ್ನು ನೋಡುವಂತೆ ನೋಡುತ್ತಿದ್ದ.

ಹುಡುಗಿ ಬಂದು ಕೂತಳು. ಹೆಸರು ನಾಗವೇಣಿ.

"ಏನು ಓದಾಕತ್ತೀಯವ್ವ?" ಮಾವ ಕೇಳಿದ.

"ಬಿಎಸ್ಸಿ ರೀ, ಸಸ್ಯಶಾಸ್ತ್ರ. ದಾವಣಗೆರ್ಯಾಗ. ಎರಡನೇ ವರ್ಷ."

"ಅದೇನ್ ಬಿಡ್ರಿ," ಹಾಲಪ್ಪನವರು ಅವಸರದಿಂದ ಹೇಳಿದರು, "ಮದುವಿ ಗೊತ್ತಾತಂದ್ರ ಬಿಡಿಸಿಬಿಡ್ತೀವಿ. ಇನ್ನೊಂದು ವರ್ಷ ಓದಿ ಏನ್ ಡೀಸಿ ಆಗ್ತಾಳೇನು?"

ಹುಡುಗಿ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆ. ಆಮೇಲೆ ನೋಡಿದರೆ ಹಲ್ಲು ಕಚ್ಚಿದ್ದಳು.

ಈಗ ವರನ ಗುಣಗಾನದ ಸರದಿ. ಮಾವ ಶುರು ಮಾಡಿದ: "ನಮ್ಮ ಹುಡುಗ ಮಾತಿನ್ಯಾಗ ಹುಲಿ ರೀ. ಯಾವ ಪಕ್ಷ ಕೊಟ್ರೂ ಗೆಲ್ತಾನ. ಅವರ ಮಾಸ್ತರು ಚಪ್ಪಾಳಿ ತಟ್ಟಿ 'ಪಕ್ಷ ಬದಲು' ಅಂದ್ರ ಸಾಕು, ತನ್ನ ಮಾತು ತಾನ ಸುಳ್ಳು ಮಾಡಿ ತೋರಸ್ತಾನ!"

ಅಜ್ಜಿ ಮೂಲೆಯಿಂದ ಕೇಳಿದರು: "ಹಂಗಾದ್ರ ಯಾವ ಮಾತು ನಂಬೋದಪ?"

ಅಷ್ಟರಲ್ಲಿ ಒಂದು ನೊಣ ಬಂದು ಶಿರಾದ ಮೇಲೆ ಕೂತು, ಪದ್ಧತಿಯ ಹಂಗಿಲ್ಲದೆ ತಿನ್ನತೊಡಗಿತು. ನಾನು ಅದನ್ನು ಓಡಿಸುತ್ತ, ಸಭೆಯನ್ನು ಗೆಲ್ಲುವ ಧಾಟಿಯಲ್ಲಿ, "ನಿಮ್ಮ ಸಸ್ಯಶಾಸ್ತ್ರದಾಗ ನೊಣಕ್ಕ ಔಷಧ ಇಲ್ಲೇನ್ರಿ?" ಎಂದೆ.

"ಔಷಧ ಗೊತ್ತಿಲ್ಲ ರೀ," ಎಂದಳು ನಾಗವೇಣಿ, "ಹುಳ ಹಿಡದು ತಿನ್ನೋ ಗಿಡ ಅದಾವು."

ಸಂದೇಹವಾದಿಯ ಬದುಕಿನಲ್ಲಿ ಇಂಥ ವಾಕ್ಯ ಹಬ್ಬವಿದ್ದಂತೆ. ನಾನು ಜಮಖಾನದ ಮೇಲೆ ನೆಟ್ಟಗೆ ಕೂತೆ. "ಗಿಡ ಹುಳ ತಿಂತತಾ? ಬಾಯಿಲ್ಲ, ಹಲ್ಲಿಲ್ಲ, ತಿನ್ನೋದು ಹ್ಯಾಂಗ?"

"ನಮ್ಮಜ್ಜಿಗೂ ಹಲ್ಲಿಲ್ಲ. ಎರಡು ಮುದ್ದಿ ತಿಂತಾಳ."

ಅಜ್ಜಿ ಹೆಮ್ಮೆಯಿಂದ ತಲೆಯಾಡಿಸಿದರು.

"ಇರಬಹುದು, ಎಲ್ಯೋ ಆಫ್ರಿಕಾದಾಗ," ನಾನು ಉದಾರಿಯಾದೆ. "ಕಾಣದ ದೇಶದಾಗ ಏನ್ ಬೇಕಾದ್ರೂ ಇರ್ತತಿ. ಪುಸ್ತಕ ಬರ್ಯೋರಿಗೆ ಅದ ಅನುಕೂಲ."

"ಆಫ್ರಿಕಾ ಯಾಕ್ರಿ? ನಮ್ಮ ಕೆರಿ ಹಿಂದ ಅದಾವು. ದೀಪಾವಳಿ ರಜಾಕ್ಕ ಬಂದಾಗ ನೋಡೀನಿ."

"ನಿಮ್ಮ ಕೆರಿ ಹಿಂದ ಹುಳ ತಿನ್ನೋ ಗಿಡ ತೋರಿಸಿದ್ರ," ನಾನು ಮೀಸೆಯ ಮೇಲೆ ಬೆರಳಿಟ್ಟೆ, "ಅರ್ಧ ಮೀಸಿ ಬೋಳಿಸ್ತೀನಿ!"

ಚರ್ಚಾಕೂಟದಲ್ಲಿ ಇಂಥ ಮಾತು ಚಪ್ಪಾಳೆಗಾಗಿ ಆಡುವುದು. ಆದರೆ ನಮ್ಮ ಸೀಮೆಯಲ್ಲಿ ಹಿರಿಯರ ಎದುರು ಮೀಸೆ ಮುಟ್ಟಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯಿಲ್ಲ. ಮಾವನ ಕಣ್ಣು ಹೊಳೆಯತೊಡಗಿತು. ಅವನಿಗೆ ಮದುವೆ ಮರೆತುಹೋಯಿತು.

"ಅರ್ಧ ಮೀಸಿ ತಗೊಂಡು ನಾ ಏನ್ ಮಾಡ್ಲಿ?" ನಾಗವೇಣಿ ಈಗ ತಲೆಯೆತ್ತಿದ್ದಳು. "ನಾ ಗೆದ್ರ ನನ್ನ ಬಿಎಸ್ಸಿ ಮುಗಿಸಾಕ ಬಿಡ್ಬೇಕು. ಯಾರ ಜೋಡಿ ಆಗ್ಲಿ, ಮದುವಿ ಆಮ್ಯಾಲ. ಸೋತ್ರ ನಾಳಿಗೇ ಕಾಲೇಜು ಬಿಡ್ತೀನಿ, ಒಂದ ಮಾತು ಆಡಂಗಿಲ್ಲ."

"ಏ, ಏನ್ ಮಾತಾಡಾಕತ್ತೀಯಬೇ!" ಎಂದು ಗದರಿಸಲು ಹೊರಟ ಹಾಲಪ್ಪನವರು ನಡುವೆಯೇ ನಿಂತರು. ಅವರ ಮುಖದಲ್ಲಿ ಲೆಕ್ಕ ಓಡಿದ್ದು ನನಗೆ ಕಾಣಿಸಿತು. ಗಿಡವೆಂದರೆ ಗಿಡ. ಅದು ಹುಳ ತಿನ್ನುವುದು ಸಾಧ್ಯವೇ ಇಲ್ಲ. ಅಂದರೆ ಮಗಳ ಓದು ಅಳುವಿಲ್ಲದೆ, ಅವಳದೇ ಮಾತಿನ ಪ್ರಕಾರ ನಿಲ್ಲುತ್ತದೆ. "ಆತು, ಒಪ್ಪಿದೆ" ಎಂದರು.

"ಮೀಸೀನೂ ಇರ್ಲಿ," ಎಂದರು ಅಜ್ಜಿ. "ನ್ಯಾಯ ನಾ ಹೇಳ್ತೀನಿ. ನಡ್ರಿ."

ಬಾಬುಸಾಬ್ ಶಿರಾದ ಕಡೆ ನೋಡಿ, "ಇದು ಆರ್ತತಲ್ಲ ಸಾವ್ಕಾರ್ರ" ಎಂದ. ಯಾರೂ ಕೇಳಲಿಲ್ಲ.

ಹೆಣ್ಣು ನೋಡಲು ಹೋದವರು ಹೆಣ್ಣಿನ ಹಿಂದೆ ಸಾಲಾಗಿ ಕೆರೆಯತ್ತ ನಡೆದದ್ದು ನಮ್ಮ ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು. ಮುಂದೆ ರೇಷ್ಮೆ ಸೀರೆ ಎತ್ತಿ ಕಟ್ಟಿದ ನಾಗವೇಣಿ, ಅವಳ ತೋಳು ಹಿಡಿದು ಅಜ್ಜಿ, ಹಿಂದೆ ರುಮಾಲು ಸುತ್ತಿದ ಇಬ್ಬರು ಹಿರಿಯರು, ಅವರ ಹಿಂದೆ ಇಸ್ತ್ರಿ ಪ್ಯಾಂಟಿನ ನಾನು, ಕೊನೆಗೆ ಹಸಿದ ಬಾಬುಸಾಬ್. ಎದುರು ಬಂದವರೊಬ್ಬರು, "ಏನ್ ಹಾಲಪ್ಪಣ್ಣ, ಎಲ್ಲಿಗೆ?" ಎಂದರೆ, ಹಾಲಪ್ಪನವರು "ಇಲ್ಲೇ, ಗಿಡದ ಊಟ ನೋಡಾಕ" ಎಂದುಬಿಟ್ಟರು. ಅವರು ಇನ್ನೇನೂ ಕೇಳದೆ ಬೇಗ ಮುಂದೆ ಹೋದರು.

ಕೆರೆಯ ನೀರು ಹಿಂದೆ ಸರಿದ ಕಡೆ ಗರಸು ನೆಲ. ಕೆಂಪು ಹರಳು, ಅದರಡಿ ಇನ್ನೂ ಜಿನುಗುವ ತೇವ. ಅಂಥ ನೆಲದಲ್ಲಿ ಜೋಳವೂ ಬಾರದು, ಜಾಲಿಯೂ ಬಾರದು. ನಾನು ಸುತ್ತ ಕಣ್ಣಾಡಿಸಿ, ಆನೆಗಾತ್ರದ ಗಿಡವೊಂದು ಬಾಯಿ ತೆರೆದು ನಿಂತಿಲ್ಲದ್ದನ್ನು ಖಚಿತಪಡಿಸಿಕೊಂಡು, ಗೆದ್ದ ನಗೆ ನಕ್ಕೆ.

"ಕಾಲು ಎತ್ರಿ," ಎಂದಳು ನಾಗವೇಣಿ. "ಅದರ ಮ್ಯಾಲ ನಿಂತೀರಿ."

ಬಗ್ಗಿ ನೋಡಿದೆ. ನೆಲಕ್ಕೆ ಅಂಟಿಕೊಂಡು, ನಾಕಾಣೆಯಷ್ಟು ಅಗಲದ ಕೆಂಪು ಹೂವಿನಂಥದ್ದು. ಹೂವಲ್ಲ, ಎಲೆಗಳು. ಚಮಚೆಯಂಥ ಎಲೆಗಳು ದುಂಡಗೆ ಹರಡಿದ್ದವು, ಪ್ರತಿ ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಗೆ ಒಂದು ಹನಿ. ಮಧ್ಯಾಹ್ನದ ಬಿಸಿಲಿನಲ್ಲೂ ಆರದ ಇಬ್ಬನಿ. ಒಂದನ್ನು ನೋಡಿದ ಮೇಲೆ ಕಣ್ಣಿಗೆ ಬೇರೇನೂ ಕಾಣಲೊಲ್ಲದು. ಆ ಗರಸಿನ ತುಂಬ ಅವೇ ಇದ್ದವು, ಯಾರೋ ಕುಂಕುಮದ ಚಿಟಿಕೆ ಇಡುತ್ತ ಹೋದಂತೆ. ನಡುನಡುವೆ ಬೆರಳುದ್ದ ನೆಟ್ಟಗೆ ನಿಂತ ಇನ್ನೊಂದು ಜಾತಿ, ದಾರದಂಥ ಎಲೆಗಳ ಮೇಲೆಲ್ಲ ಅದೇ ಹನಿ. ನೀರಿನ ಅಂಚಿಗೆ ಸಾಸಿವೆ ಹೂವಿಗಿಂತ ಸಣ್ಣ ನೀಲಿ ಹೂಗಳು. "ಅವೂ ತಿಂತಾವು," ಎಂದಳು. "ಮಣ್ಣಿನ ಕೆಳಗ ಸಣ್ಣ ಸಣ್ಣ ಚೀಲ ಇಟ್ಕೊಂಡಿರ್ತಾವು. ಹಾಯೋ ಹುಳನ್ನ ಒಳಗ ಎಳ್ಕಂತಾವು."

"ಇದಕ್ಕ ಏನಂತಾರ ಅಜ್ಜಿ ನಿಮ್ಮ ಕಡೆ?" ಮಾವ ಕೇಳಿದ.

"ಏನೂ ಅನ್ನಂಗಿಲ್ಲ. ದನ ತಿನ್ನಂಗಿಲ್ಲ, ಮಂದಿ ತಿನ್ನಂಗಿಲ್ಲ. ಹೆಸರ್ಯಾಕ ಬೇಕು?"

ನಾವೆಲ್ಲ ಒಂದು ಗಿಡದ ಸುತ್ತ ಕುಕ್ಕುರುಗಾಲಿನಲ್ಲಿ ಕೂತೆವು. ಊಟ ಶುರುವಾಗಲಿಲ್ಲ. ಗಿಡಕ್ಕೆ ಹಸಿವಿದ್ದಂತೆ ಕಾಣಲಿಲ್ಲ. ಬಾಬುಸಾಬ್ ಪಕ್ಕದ ಗಿಡಕ್ಕೆ ಹೋಗಿ ಕೂತು, "ಇದು ಚುರುಕು ಕಾಣ್ತತಿ, ಇಲ್ಲಿ ಬರ್ರಿ" ಎಂದು ಕರೆದ. ಕೊನೆಗೆ ಒಂದು ನುಸಿ ಹಾರಿ ಬಂದು ನಮ್ಮ ಗಿಡದ ಎಲೆಯ ಮೇಲೆ ಕೂತು, ಏಳಲು ಹೋಗಿ ಏಳದಾಯಿತು. ಅಂಚಿನ ಕೂದಲುಗಳು ನಿಧಾನ ಒಳಗೆ ಬಾಗಿದವು.

"ನೋಡ್ರಿ!" ಎಂದಳು ನಾಗವೇಣಿ.

"ಗಾಳಿ," ಎಂದೆ ನಾನು.

ಮಾವ ತಕ್ಷಣ ತನ್ನ ಹೆಗಲ ಮೇಲಿನ ಶಲ್ಯ ಬಿಚ್ಚಿದ. ಒಂದು ತುದಿ ಅವನು, ಇನ್ನೊಂದು ತುದಿ ಹಾಲಪ್ಪನವರು ಹಿಡಿದು ಗಾಳಿಗೆ ಅಡ್ಡ ನಿಂತರು. ಪರದೆಯ ಆಚೆ ಅವಳು, ಈಚೆ ನಾನು, ಕೆಳಗೆ ನಡುವೆ ಗಿಡ.

ಅಜ್ಜಿ ನಗತೊಡಗಿದರು. "ಅಂತರಪಟ ಹಿಡದಂಗ ಆತಲ್ಲೋ! ಅಕ್ಕಿಕಾಳು ತಂದಿದ್ರ ಇಲ್ಲೇ ಮುಗಿಸಬಹುದಿತ್ತು."

ಗಾಳಿ ನಿಂತರೂ ಕೂದಲು ಬಾಗುವುದು ನಿಲ್ಲಲಿಲ್ಲ. ಈಗ ನಾನು ಎದ್ದು ನಿಂತೆ. ಕೂತು ವಾದ ಮಾಡಿ ನನಗೆ ಅಭ್ಯಾಸವಿಲ್ಲ. "ಸಭೆ ಲಕ್ಷ್ಯ ಕೊಡಬೇಕು. ಅಂಟೋದು ಬ್ಯಾರೆ, ತಿನ್ನೋದು ಬ್ಯಾರೆ. ಬೆಲ್ಲಕ್ಕೂ ನೊಣ ಅಂಟ್ತತಿ. ಬೆಲ್ಲ ನೊಣಾನ ತಿಂತು ಅಂತ ಯಾರರ ಅಂತೀರೇನು?"

"ಭಲೇ!" ಎಂದರು ಹಾಲಪ್ಪನವರು, ಶಲ್ಯದ ತುದಿ ಬಿಟ್ಟು.

"ತಿಂದದ್ದು ಖರೆ ಆದ್ರ ಹುಳ ಕರಗಬೇಕು. ಕರಗೋದು ತೋರಸ್ರಿ."

"ಪೂರಾ ಅರಗಾಕ ಎರಡು ಮೂರು ದಿನ ಬೇಕು," ಎಂದಳು ಅವಳು.

ಬಾಬುಸಾಬ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಎರಡು ಮೂರು ದಿನಾ? ಅಲ್ಲಿ ತನಕ ಶಿರಾ? ಯಾ ಅಲ್ಲಾ, ಆರು ಮಂದಿ ಉಪವಾಸ, ಇದೊಂದ ಊಟಕ್ಕ ಕುಂತೈತಿ!"

ನಾಗವೇಣಿ ಇನ್ನೊಂದು ಎಲೆ ತೋರಿಸಿದಳು. ಅಲ್ಲಿ ಎಂದೋ ಸಿಕ್ಕ ನುಸಿಯೊಂದಿತ್ತು. ರೆಕ್ಕೆಯಿತ್ತು, ಕಾಲಿತ್ತು, ಮೈಯ ಸಿಪ್ಪೆಯಿತ್ತು, ಒಳಗೆ ಏನೂ ಇರಲಿಲ್ಲ. "ಒಳಗಿಂದೆಲ್ಲ ಎಲ್ಲಿ ಹೋತು ಹೇಳ್ರಿ?"

"ಖಾಲಿ ಹೊಟ್ಟೀಲೆ ಬಂದಿರಬಹುದು," ಎಂದೆ.

"ನಮ್ಮಂಗ," ಎಂದ ಬಾಬುಸಾಬ್.

ಎಲ್ಲರೂ ನಕ್ಕರು. ಸಭೆ ನನ್ನ ಕಡೆ ವಾಲುವುದು ಕಾಲಿನಡಿಯ ನೆಲದಿಂದಲೇ ತಿಳಿಯುತ್ತದೆ, ಅಂಥ ಅನುಭವ ನನಗಿದೆ. ನಾನು ಇನ್ನೂ ನಾಲ್ಕು ಮಾತು ಸೇರಿಸಿದೆ. ನುಸಿಯೇ ಗಿಡದ ಹನಿ ಕುಡಿಯಲು ಬಂದದ್ದು, ಆದ್ದರಿಂದ ತಿಂದವನು ನುಸಿ, ತಿನ್ನಿಸಿಕೊಂಡದ್ದು ಗಿಡ, ಊಟದ ನಡುವೆ ಸತ್ತರೆ ಅದು ಬಡಿಸಿದವರ ತಪ್ಪಲ್ಲ ಎಂದೆಲ್ಲ. ಮಾವ ತೊಡೆ ತಟ್ಟಿದ. ಅಜ್ಜಿ ಕೂಡ ಗಲ್ಲದ ಮೇಲೆ ಕೈಯಿಟ್ಟು ಯೋಚಿಸತೊಡಗಿದರು.

"ಮುಗೀತಲ್ಲ," ಹಾಲಪ್ಪನವರು ಶಲ್ಯವನ್ನು ಕೊಡವಿ ಮಡಚತೊಡಗಿದರು. "ಸೋಮವಾರ ಹಾಸ್ಟೆಲಿಗೆ ಹೋಗಿ ಟ್ರಂಕು ತರ್ತೀನಿ. ಮಾಘದಾಗ ಮುಹೂರ್ತ ನೋಡೋಣು."

ನಾಗವೇಣಿ ಎದ್ದಿರಲಿಲ್ಲ. ಅಳುತ್ತಲೂ ಇರಲಿಲ್ಲ. ನೆಲದ ಮೇಲಿನ ಆ ನಾಕಾಣೆಯಗಲದ ಕೆಂಪನ್ನು ನೋಡುತ್ತಿದ್ದಳು. ತನ್ನ ಕಡೆಯ ಒಬ್ಬನೇ ಸಾಕ್ಷಿಗೆ ಮಾತು ಬಾರದಿದ್ದರೆ ಜನ ಹೇಗೆ ನೋಡುತ್ತಾರೆಂದು ಈಗ ಕೋರ್ಟಿನಲ್ಲಿ ದಿನವೂ ಕಾಣುತ್ತೇನೆ. ಅಂದು ಮೊದಲ ಸಲ ಕಂಡೆ. ಟ್ರಂಕು ಎನ್ನುವ ಮಾತು ನನ್ನ ಗೆಲುವಿನ ಮೇಲೆ ದೊಪ್ಪನೆ ಬಿದ್ದಿತ್ತು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಎರಡೂ ಕೈ ಸೇರಿಸಿ ಫಟ್ಟನೆ ಒಂದು ಚಪ್ಪಾಳೆ ತಟ್ಟಿದಳು.

"ಪಕ್ಷ ಬದಲು."

ಏನು ಹೇಳಲಿ? ಮೂರು ವರ್ಷ ತಾಲೀಮು ಮಾಡಿದ ಮೈ ಅದು. ಮುಟ್ಟಿದರೆ ಬಾಗುವ ಆ ಕೂದಲಿಗೂ ನನಗೂ ಆ ಕ್ಷಣದಲ್ಲಿ ವ್ಯತ್ಯಾಸವಿರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಆದರೆ," ಎಂದೆ, "ಬೆಲ್ಲಕ್ಕ ಕೈ ಇಲ್ಲ! ನೊಣ ಕುಂತ್ರ ಬೆಲ್ಲ ತಬ್ಬಿಕೊಳ್ಳಂಗಿಲ್ಲ. ಇದು ತಬ್ಬಿಕೊಳ್ತತಿ. ಹಿಡದದ್ದನ್ನ ನಡುವಿಗೆ ತರ್ತತಿ. ಕೈಯಾಗಿನ ತುತ್ತು ಬಾಯಿಗೆ ಒಯ್ಯೋದಕ್ಕ ನೀವು ಏನಂತೀರಿ? ಈ ನೆಲಾ ನೋಡ್ರಿ, ಹಾಲಪ್ಪನವರ. ಇಲ್ಲಿ ಗೊಬ್ಬರ ಐತೇನು? ಸಾರ ಐತೇನು? ನೀವು ಇಲ್ಲಿ ಏನರ ಬೆಳದೀರೇನು?"

"ಇಲ್ಲ," ಎಂದರು ಹಾಲಪ್ಪನವರು, ಬೇಡದ ಮನಸ್ಸಿನಿಂದ.

"ಮನ್ಯಾಗ ಅಡಿಗಿ ಇಲ್ಲದವ ಖಾನಾವಳಿ ಹುಡುಕ್ತಾನ. ಇದೂ ಹುಡುಕೇತಿ. ಬ್ಯಾರೆ ಯಾವ ಗಿಡಾನೂ ಬದುಕಲಾರದ ನೆಲದಾಗ ಇದು ಕೆಂಪಗ ಹೊಳಕೊಂತ ಕುಂತೈತಿ ಅಂದ್ರ, ತಿಂದ ಬದುಕೇತಿ! ಹುಳ ಖಾಲಿ ಹೊಟ್ಟೀಲೆ ಬಂತು ಅಂದವ ಯಾವ ಮೂರ್ಖ?"

"ನೀನಽ ಅಂದಿದ್ದಲ್ಲಲೇ ಕೊಟ್ರ್ಯಾ!" ಮಾವ ಕೂಗಿದ. "ನೀ ಯಾರ ಕಡೆಯವಲೇ?"

ಅಜ್ಜಿ ಕೈಯೆತ್ತಿದರು. "ಸಾಕು. ಎರಡೂ ಮಾತು ಚಲೋ ಅದಾವು. ಅದಕ್ಕ ಎರಡೂ ನಾ ನಂಬಂಗಿಲ್ಲ. ಗಿಡಾನ ಕೇಳೋಣು."

ಗಿಡವನ್ನು ಕೇಳುವುದು ಹೇಗೆ? ನಾಗವೇಣಿ ನನ್ನ ಮುಖವನ್ನೇ ನೋಡುತ್ತ, "ಮೀಸಿದು ಒಂದು ಕೂದಲು ಕೊಡ್ರಿ" ಎಂದಳು. "ಪಂಥ ಕಟ್ಟಿದ್ದು ಅದನ್ನ ಅಲ್ಲೇನು? ಅದ ಹೇಳ್ಲಿ."

ಒಂದು ಕೂದಲು ಕಿತ್ತೆ. ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಉಗುರಿನಿಂದ ಹಿಡಿದು, ಹೊಸ ಗಿಡವೊಂದರ ಎಲೆಯಂಚಿಗೆ ಮೆಲ್ಲಗೆ ಇಟ್ಟಳು. ಆರು ತಲೆಗಳು ಬಗ್ಗಿದವು. ಉಸಿರು ಬಿಡುವಷ್ಟರಲ್ಲಿ ಅಂಚಿನ ಕೆಂಪು ಕೂದಲೊಂದು ಬಾಗಿ ನನ್ನ ಮೀಸೆಯನ್ನು ಅಮುಕಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

"ಹಿಡೀತು!" ಬಾಬುಸಾಬ್ ಕೂಗಿದ. "ಬಿಡವಲ್ದು!"

ಅಜ್ಜಿ ಮಗನ ಭುಜ ಹಿಡಿದು ಎದ್ದರು. "ಪಂಥದ ಪಾಲು ಗಿಡ ತಾನ ತಗೊಂತು. ಇನ್ನ ನನ್ನ ಯಾಕ ಕೇಳ್ತೀರಿ? ಹಾಲಪ್ಪ, ಟ್ರಂಕು ಎಲ್ಲೈತೋ ಅಲ್ಲೇ ಇರ್ಲಿ."

ಹಾಲಪ್ಪನವರು ಗಿಡವನ್ನು ನೋಡಿದರು, ತಾಯಿಯನ್ನು ನೋಡಿದರು. ತಾಯಿಗೆ ಎದುರು ಮಾತಾಡುವುದಕ್ಕಿಂತ ಗಿಡವನ್ನು ನಂಬುವುದು ಸುಲಭವೆನಿಸಿರಬೇಕು.

ಬಾಬುಸಾಬನ ಜೀಪಿನಲ್ಲಿ ಸ್ಪ್ಯಾನರ್ ಜೊತೆಗೆ ಕ್ಷೌರದ ಸಾಮಾನೂ ಇರುತ್ತಿತ್ತು. ಪರಸ್ಥಳಕ್ಕೆ ಬಾಡಿಗೆ ಹೋದಾಗ ಬೇಕಾಗುತ್ತದೆಂದು. ಮನೆಯ ಮುಂದೆ ಜೀಪಿನ ಕನ್ನಡಿ ತಿರುಗಿಸಿ, ನನ್ನನ್ನು ಬಾನೆಟ್ಟಿನ ಮೇಲೆ ಕೂಡಿಸಿ, ಬ್ಲೇಡು ಹಿಡಿದು ಕೇಳಿದ: "ಯಾವ ಕಡೆ ತಮ್ಮಾ? ಡ್ರೈವರ್ ಸೈಡಾ, ಕ್ಲೀನರ್ ಸೈಡಾ?"

"ಕ್ಲೀನರ್ ಸೈಡು," ಎಂದೆ. ಎಡಗಡೆಯದು ಹೋಯಿತು.

ಉಳಿದರ್ಧವನ್ನು ಕೈಯಲ್ಲಿ ಮುಚ್ಚಿಕೊಂಡು ಒಳಗೆ ಬಂದರೆ ಅಜ್ಜಿ ಕಾಯುತ್ತಿದ್ದರು. "ತಮ್ಮಾ, ನಿನ್ನ ಮಾತು ನಾ ನೋಡೀನಿ. ಚಪ್ಪಾಳಿ ತಟ್ಟಿದ್ರ ತಿರುಗ್ತತಿ. ನಾಳೆ ನಿಮ್ಮವ್ವ ತಟ್ಟಿದ್ರ ಮತ್ತ ತಿರುಗ್ತತಿ. ಅದಕ್ಕ ಆ ಕಡೆ ಅರ್ಧ ನಮ್ಮ ಹಂತೇಕ ಅಡ ಇರ್ಲಿ. ಅಕಿ ಓದು ಮುಗಿಯೋ ತನಕ ಮೀಸಿ ಬಿಡಂಗಿಲ್ಲ."

ಬಾಬುಸಾಬ್ ಬ್ಲೇಡು ಇನ್ನೂ ತೊಳೆದಿರಲಿಲ್ಲ.

ಮತ್ತೆ ಜಮಖಾನದ ಮೇಲೆ ಕೂತೆವು. ಶಿರಾ ಆರಿ ಗಟ್ಟಿಯಾಗಿತ್ತು. ಪಂಥ ತೀರಿತ್ತು, ಆದರೆ ನಾವು ಬಂದ ಕೆಲಸ ತೀರಿರಲಿಲ್ಲ. ಯಾರು ಮೊದಲು ಕೈ ಹಾಕಬೇಕು? ಮಾವ ನನ್ನನ್ನು ನೋಡಿದ, ಹಾಲಪ್ಪನವರು ಮಾವನನ್ನು ನೋಡಿದರು, ಬಾಬುಸಾಬ್ ದೇವರನ್ನು ನೋಡಿದ. ನಾನು ಯಾರ ಮುಖವನ್ನೂ ನೋಡಲಿಲ್ಲ. ಬರೀ ಮೇಲ್ತುಟಿಯಿಂದ ಹೆಣ್ಣು ಕೇಳುವ ಧೈರ್ಯ ಇರಲಿಲ್ಲ. ಆಗ ನಾಗವೇಣಿ ಒಳಗಿನಿಂದ ಬಂದು, ನನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಬಿಸಿ ಮಾಡಿ ತಂದು, ನನ್ನ ಮುಂದಿಟ್ಟಳು.

"ತಿನ್ರಿ," ಎಂದಳು. "ನಿಮಗಾದ್ರೂ ಬಾಯಿ ಐತಲ್ಲ."

ತಿಂದೆ.

ಅವಳು ಬಿಎಸ್ಸಿ ಮುಗಿಸುವ ತನಕ ನಾನು ಒಂದು ದಿನವೂ ತಪ್ಪದೆ ಮೀಸೆ ಬೋಳಿಸಿದೆ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಮದುವೆಯಾಯಿತು. ಮದುವೆಯ ಫೋಟೋದಲ್ಲಿ ನಾನು ನಾಟಕದ ಕಂಪನಿಯಿಂದ ನೇರವಾಗಿ ಬಂದವನಂತೆ ಕಾಣುತ್ತೇನೆ. ಇನ್ನು ಬಿಡಬಹುದೆಂದು ರೇಜರು ಮೂಲೆಗಿಟ್ಟ ವಾರವೇ ಅವಳು, "ಬಿ.ಎಡ್. ಮಾಡ್ತೀನಿ" ಎಂದಳು. ಅಜ್ಜಿ ಹೇಳಿದ್ದು ಬಿಎಸ್ಸಿ ಅಲ್ಲ, ಓದು. ಆದೇಶದ ಒಕ್ಕಣೆ ಸ್ಪಷ್ಟವಿತ್ತು. ರೇಜರು ಮತ್ತೆ ಕೈಗೆ ಬಂತು. ಬಿ.ಎಡ್. ಮುಗಿಯಿತು, ಈಗ ಎಂ.ಎಸ್ಸಿ.ಯ ಮಾತು ನಡೆದಿದೆ.

ಮೊನ್ನೆ ಕಾರ್ತಿಕದಲ್ಲಿ ಅವಳ ತವರಿಗೆ ಹೋದಾಗ ಇಬ್ಬರೂ ಕೆರೆಯ ಹಿಂದೆ ನಡೆದು ಹೋದೆವು. ಅದೇ ಗರಸು, ಅದೇ ತೇವ. ಹಳೆಯ ಗಿಡಗಳು ಬೇಸಿಗೆಗೆ ಎಂದೋ ಒಣಗಿ, ಅವುಗಳ ಮಕ್ಕಳು ಮೊಮ್ಮಕ್ಕಳು ನೆಲದ ತುಂಬ ಕೆಂಪಗೆ ಹನಿ ಹೊತ್ತು ಕೂತಿದ್ದವು. ಈ ಸಲ ಕಾಲು ನೋಡಿ ಇಟ್ಟೆ.

"ಇದರಪ್ಪನಽ ನನ್ನ ಮೀಸಿ ತಿಂದವ," ಎಂದೆ.

"ತಿಂದಿಲ್ಲ ರೀ," ಎಂದಳು ನಾಗವೇಣಿ.

"ಅಂದ್ರ?"

"ಮರುದಿನ ಬಂದು ನೋಡಿದ್ದೆ. ಕೈ ಎಲ್ಲ ಬಿಚ್ಚಿಕೊಂಡು ಕುಂತಿತ್ತು. ನಿಮ್ಮ ಮೀಸಿ ಹಂಗ ಮ್ಯಾಲ ಬಿದ್ದಿತ್ತು. ಕೂದಲು ಅದಕ್ಕ ಅರಗಂಗಿಲ್ಲ. ಏನ್ ಮುಟ್ಟಿದ್ರೂ ಹಿಡೀತತಿ, ತಿನ್ನಾಕ ಬರಂಗಿಲ್ಲ ಅಂದ್ರ ಬಿಡ್ತತಿ."

ನನ್ನೊಳಗಿನ ವಕೀಲ ಎದ್ದು ನಿಂತ. "ಇದು ಆವತ್ತ ಗೊತ್ತಿತ್ತಾ?"

"ಎರಡನೇ ವರ್ಷದ ಪಾಠದಾಗ ಐತಿ."

"ಮತ್ತ ಅಜ್ಜಿ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮೂರನೇ ವರ್ಷದ ಪಾಠ ಓದಾಕ ಆಗ್ತಿತ್ತೇನು?"

"ಹಂಗಾದ್ರ ನಾ ಗೆದ್ದಿದ್ದೆ! ತೀರ್ಪು ಕೊಟ್ಟದ್ದು ಕೂದಲು ನೋಡಿ. ಕೂದಲು ತಿಂದಿಲ್ಲ. ಸಾಕ್ಷಿ ಬಿದ್ದುಹೋತು!"

"ಹುಳ ತಿಂತತಿ ಅಂತ ನಾ ಹೇಳಿದ್ದು," ಎಂದಳು ಅವಳು, ಸೀರೆಯ ನಿರಿಗೆ ಎತ್ತಿ ಗಿಡಗಳನ್ನು ದಾಟುತ್ತ. "ಮೀಸಿ ತಿಂತತಿ ಅಂತ ಯಾವಾಗ ಹೇಳಿದ್ದೆ?"

ಆದರೂ ಪ್ರಕರಣವನ್ನು ಹಾಗೇ ಬಿಡುವಂತಿಲ್ಲ. ಅವಳು ಹೇಳಿದ್ದು ನಿಜವೋ ಸುಳ್ಳೋ ನಾನೇ ಪರೀಕ್ಷಿಸಬೇಕು. ಗಿಡದ ಮೇಲೆ ಇನ್ನೊಂದು ಕೂದಲಿಟ್ಟು, ನಾಳೆ ಬೆಳಗ್ಗೆ ಬಂದು ನೋಡಿದರೆ ಮುಗಿಯಿತು. ಇಲ್ಲೇ, ಈಗಲೇ ಮರುವಿಚಾರಣೆ ಎಂದು ಗರಸಿನ ಮೇಲೆ ಕುಕ್ಕುರುಗಾಲಿನಲ್ಲಿ ಕೂತೆ. ಒಂದು ಒಳ್ಳೆಯ ಗಿಡ ಆರಿಸಿಕೊಂಡೆ.

ಕೂದಲು ಕೀಳಲು ಕೈ ಮೇಲ್ತುಟಿಗೆ ಹೋಯಿತು. ಅಲ್ಲಿ ನುಣ್ಣಗಿತ್ತು.